ಮತದಾನ ಮುಗಿದ ಮೇಲೆ ಬರುವ ಕರೆಂಟ್ ಬಿಲ್

“ಸರ್, ಹೊಸ ಸರ್ಕಾರ ಬಂದು ತಿಂಗಳಾಗಿಲ್ಲ, ಆಗಲೇ ಕರೆಂಟ್ ರೇಟ್ ಏರಿಸಿಬಿಟ್ರು.”

2023ರ ಜೂನ್‌ನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಗಿರಣಿ, ಪ್ರೆಸ್ಸು, ಸಣ್ಣ ಕಾರ್ಖಾನೆಯವರ ವಿದ್ಯುತ್ ಬಿಲ್ ತಾಳೆ ನೋಡಿಕೊಡುವುದು ನನ್ನ ಕಸುಬು. ಬಿಲ್ಲಿನ ಎಲ್ಲ ಸಾಲುಗಳನ್ನೂ ಓದುವ ಜನ, ಆದೇಶದ ತಾರೀಖು ಮಾತ್ರ ಓದುವುದಿಲ್ಲ.

ದರ ಏರಿಸಿದ ಆ ಆದೇಶದ ತಾರೀಖು ಮೇ 12. ಕರ್ನಾಟಕ ವಿಧಾನಸಭೆಗೆ ಮತದಾನ ನಡೆದದ್ದು ಮೇ 10ರಂದು. ಎಣಿಕೆ ಮೇ 13ರಂದು. ಅಂದರೆ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿದ ದಿನ, ಗೆದ್ದವರು ಯಾರು ಅಂತ ಗೆದ್ದವರಿಗೇ ಗೊತ್ತಿರಲಿಲ್ಲ! ಅದೂ ಏಪ್ರಿಲ್‌ನಿಂದಲೇ ಅನ್ವಯ. ಹಾಗಾಗಿ ಜೂನ್ ಬಿಲ್ಲಿನಲ್ಲಿ ಹಳೇ ಬಾಕಿಯೂ ಸೇರಿ ಬಂತು.

ಇಷ್ಟು ಹೇಳಿದ ಕೂಡಲೇ ನಮ್ಮ ಗಿರಣಿ ಯಜಮಾನರೊಬ್ಬರು ಉಲ್ಟಾ ಹೊಡೆದರು. “ಹಾಗಾದ್ರೆ ಹಳೇ ಸರ್ಕಾರದವರು ಹೋಗೋ ಮುಂಚೆ ಬತ್ತಿ ಇಟ್ಟು ಹೋದರು ಅನ್ನಿ.” ಅದೂ ಅಲ್ಲ, ಮಾರಾಯರೇ.

ಹಳೆಯ ಆದೇಶಗಳ ತಾರೀಖು ನೋಡಿ. 2013ರಲ್ಲಿ ಮೇ 5ಕ್ಕೆ ಮತದಾನ, ದರದ ಆದೇಶ ಮೇ 6ಕ್ಕೆ. 2018ರಲ್ಲಿ ಮೇ 12ಕ್ಕೆ ಮತದಾನ, ಆದೇಶ ಮೇ 14ಕ್ಕೆ. 2019ರ ಲೋಕಸಭೆ ಫಲಿತಾಂಶ ಮೇ 23ಕ್ಕೆ, ಆದೇಶ ಮೇ 30ಕ್ಕೆ. 2020ರಲ್ಲಿ ಶಿರಾ ಮತ್ತು ರಾಜರಾಜೇಶ್ವರಿನಗರ ಉಪಚುನಾವಣೆ ನವೆಂಬರ್ 3ಕ್ಕೆ ನಡೆಯಿತು. ಆದೇಶ ಬಂದದ್ದು ಮರುದಿನ! ಚುನಾವಣೆ ಅಡ್ಡ ಬರದ 2015, 2016ರಲ್ಲಿ? ಮಾರ್ಚ್ 2, ಮಾರ್ಚ್ 30. ಪಕ್ಷ ಯಾವುದೇ ಇರಲಿ, ಮುಖ್ಯಮಂತ್ರಿ ಯಾರೇ ಇರಲಿ, ಲಯ ಇದೇ.

ಇದರಲ್ಲಿ ಒಳಸಂಚು ಹುಡುಕಬೇಡಿ. ದರ ನಿಗದಿ ಮಾಡುವುದು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ, ಮಂತ್ರಿಯಲ್ಲ. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿದ್ದಾಗ ಈ ಆಯೋಗ ಲೆಕ್ಕ ಮಾಡಬಹುದು, ವಿಚಾರಣೆ ನಡೆಸಬಹುದು. ಆದರೆ ಮತದಾನ ಮುಗಿಯುವ ತನಕ ದರ ಪ್ರಕಟಿಸುವಂತಿಲ್ಲ ಎಂಬುದು ಚುನಾವಣಾ ಆಯೋಗದ ನಿಯಮ. ಮತದಾರನ ಮೇಲೆ ಪ್ರಭಾವ ಬೀಳಬಾರದು ಅನ್ನುವ ಒಳ್ಳೆಯ ಉದ್ದೇಶ. ಪರಿಣಾಮ ಮಾತ್ರ ತಮಾಷೆಯದು. ಮತದಾರನಿಗೆ ತಿಳಿಯಲೇಬೇಕಾದ ಒಂದು ಅಂಕಿ, ಬೆರಳಿನ ಶಾಯಿ ಒಣಗಿದ ಮೇಲೆ ಗೊತ್ತಾಗುತ್ತದೆ.

ಹಾಗಾದರೆ ರಾಜಕಾರಣಕ್ಕೂ ದರಕ್ಕೂ ಸಂಬಂಧವೇ ಇಲ್ಲವೇ? ಇದೆ, ಧಾರಾಳವಾಗಿ ಇದೆ. ಜನ ಅದನ್ನು ಮೇ ತಿಂಗಳಲ್ಲಿ ಹುಡುಕುತ್ತಾರೆ. ಅದು ಇರುವುದು ಹಿಂದಿನ ನವೆಂಬರ್‌ನಲ್ಲಿ. ನವೆಂಬರ್ ಕೊನೆಯೊಳಗೆ ಎಸ್ಕಾಂಗಳು, ಅಂದರೆ ಮನೆಮನೆಗೆ ವಿದ್ಯುತ್ ಹಂಚುವ ಕಂಪನಿಗಳು, ವಿದ್ಯುತ್ ಆಯೋಗಕ್ಕೆ ದರದ ಅರ್ಜಿ ಹಾಕಬೇಕು. ಎಸ್ಕಾಂಗಳ ಒಡೆಯ ಸರ್ಕಾರವೇ. ಎಷ್ಟು ಕೇಳಬೇಕು, ಯಾವ ನಷ್ಟ ತೋರಿಸಬೇಕು, ಯಾವ ಬಾಕಿಯನ್ನು ಮುಂದಕ್ಕೆ ತಳ್ಳಬೇಕು ಎಂಬುದೆಲ್ಲ ಆಗಲೇ ರೂಪುಗೊಳ್ಳುತ್ತದೆ. ಚುನಾವಣೆಗೆ ಆರು ತಿಂಗಳು ಇರುವಾಗ ಯಾವ ಕೈ ಎಷ್ಟು ಗಟ್ಟಿಯಾಗಿ ಬರೆಯುತ್ತದೆ, ನೀವೇ ಊಹಿಸಿ. ಇಂಥ ಕಡತದಲ್ಲಿ ಹೀಗೇ ಆಯಿತು ಅಂತ ನಾನು ಹೇಳಲಾರೆ. ನನ್ನ ಬಳಿ ಪುರಾವೆ ಇಲ್ಲ.

ಪಂಪ್‌ಸೆಟ್ ವಿಷಯ ತೆಗೆದುಕೊಳ್ಳಿ. 10 ಎಚ್‌ಪಿ ತನಕ ರೈತರಿಗೆ ಕರೆಂಟ್ ಉಚಿತ. ದುಡ್ಡು ಸರ್ಕಾರ ಕೊಡಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಮಿನ ಪ್ರಕಾರ ಅದನ್ನು ಮುಂಗಡವಾಗಿಯೇ ಕಟ್ಟಬೇಕು. ಆದರೆ ಬಹುಪಾಲು ಪಂಪ್‌ಸೆಟ್‌ಗೆ ಮೀಟರೇ ಇಲ್ಲ. ಎಷ್ಟು ಯೂನಿಟ್ ಹೋಯಿತು ಎಂಬುದು ಅಂದಾಜು. ಅಂದಾಜಿನ ಮೇಲೆ ಸಬ್ಸಿಡಿ, ಸಬ್ಸಿಡಿ ತಡವಾದರೆ ಸಾಲ, ಸಾಲಕ್ಕೆ ಬಡ್ಡಿ, ಅದರಲ್ಲಿ ಒಂದು ಪಾಲು ಕೊನೆಗೆ ನಿಮ್ಮ ಬಿಲ್ಲಿಗೆ. ಹಾಗಂತ ಹಳ್ಳಿಗೆ ಹೋಗಿ ಮೀಟರ್ ಹಾಕಿಸುವ ಶಾಸಕ ಯಾರು? ಟ್ರಾನ್ಸ್‌ಫಾರ್ಮರ್ ಹಾಕಿಸಿದರೆ ಹಾರ, ಮೀಟರ್ ಹಾಕಿಸಿದರೆ ಬೈಗುಳ. ಅವರನ್ನು ದಡ್ಡರು ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರು ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ. ಅಂದಹಾಗೆ, ನಮ್ಮ ತೋಟದ ಪಂಪಿಗೂ ಮೀಟರ್ ಇಲ್ಲ. ಹಾಕುತ್ತೇವೆ ಅಂತ ಬಂದರೆ ನಮ್ಮಣ್ಣ ಕೋಲು ಹಿಡಿಯುತ್ತಾನೆ.

ಇಳಿಕೆಗೂ ಕ್ಯಾಲೆಂಡರ್ ಇದೆಯೇ ಅಂತ ಕೇಳುತ್ತಾರೆ. 2024ರಲ್ಲಿ ಆದೇಶ ಎಂದಿಗಿಂತ ಬೇಗ, ಫೆಬ್ರವರಿ 28ಕ್ಕೇ ಬಂತು. 100 ಯೂನಿಟ್ ಮೀರಿ ಬಳಸುವ ಮನೆಗಳಿಗೆ ಯೂನಿಟ್‌ಗೆ 1 ರೂಪಾಯಿ 10 ಪೈಸೆ ಕಡಿಮೆ. ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಇದನ್ನು ನಾನು ಸುಮ್ನೆ ಪಕ್ಕಪಕ್ಕ ಇಡುತ್ತಿದ್ದೇನೆ ಅಷ್ಟೇ. ಜಾಸ್ತಿ ದರ ಕಟ್ಟುವ ದೊಡ್ಡ ಗ್ರಾಹಕರು ಎಸ್ಕಾಂ ಬಿಟ್ಟು ಸೋಲಾರ್ ಕಡೆಗೋ ಬೇರೆ ಕಡೆಗೋ ಹೋಗುತ್ತಿದ್ದರು, ಅವರನ್ನು ಉಳಿಸಿಕೊಳ್ಳಲು ದರ ಇಳಿಸಬೇಕಿತ್ತು ಎಂಬುದೂ ನಿಜ. ಎರಡೂ ಒಟ್ಟಿಗೆ ನಿಜವಾಗಿರಬಹುದು, ಅಲ್ವಾ?

ಗಿರಣಿ ಯಜಮಾನರಿಗೆ ನಾನು ಕೊಟ್ಟ ಸಲಹೆ ಸಣ್ಣದು. ತಿಂಗಳಿಗೆ 4,000 ಯೂನಿಟ್ ಉರಿಸುತ್ತೀರಿ. ಚುನಾವಣೆ ವರ್ಷದ ಏಪ್ರಿಲ್, ಮೇನಲ್ಲಿ ಯೂನಿಟ್‌ಗೆ 70 ಪೈಸೆಯಂತೆ ತಿಂಗಳಿಗೆ 2,800 ರೂಪಾಯಿ ಬೇರೆ ಎತ್ತಿಡಿ. ಬಾಕಿ ಬಂದರೆ ಹೆಗಲು ಬಾಗುವುದಿಲ್ಲ. ಬರದಿದ್ದರೆ ಮೊಮ್ಮಗಳಿಗೆ ಏನಾದರೂ ಕೊಡಿಸಿ. ಇನ್ನೊಂದು ಮಾತು, ದರದ ಅರ್ಜಿಯ ಮೇಲೆ ಬಹಿರಂಗ ವಿಚಾರಣೆ ಇರುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು, ಒಮ್ಮೆ ಬನ್ನಿ ಅಂದೆ.

ಮುಂದಿನ ವಿಚಾರಣೆಗೆ ಬಂದರು. ಇಸ್ತ್ರಿ ಅಂಗಿ ಹಾಕಿಕೊಂಡು, ಬಿಲ್ಲುಗಳ ಕಟ್ಟು ಹಿಡಿದು, ಹಿಂದಿನ ಸಾಲಿನಲ್ಲಿ ಕೂತರು. ಎರಡು ಗಂಟೆ ಕೇಳಿದ ಮೇಲೆ ನನ್ನ ಕಿವಿಯಲ್ಲಿ, “ಇಲ್ಲಿ ಒಬ್ಬ ಎಂಎಲ್‌ಎನೂ ಕಾಣ್ತಿಲ್ಲವಲ್ಲ ಸರ್” ಅಂದರು.