ಪೋರ್ಟ್ರೇಟ್‌ಗೆ ಯಾವ ಕ್ಯಾಮೆರಾ? ಫೋಕಸ್ ಕಣ್ಣಿನ ಮೇಲೇ ನಿಲ್ಲಬೇಕು

ಪ್ರಶ್ನೆ: ನಮ್ಮದು ಕುಂಬಳೆ. ಮದುವೆಗಳಲ್ಲೂ ಯಕ್ಷಗಾನದ ಚೌಕಿಯಲ್ಲೂ (ವೇಷ ಕಟ್ಟುವ ಜಾಗ) ಮುಖಗಳ ಫೋಟೊ ತೆಗೆಯುತ್ತೇನೆ. ಇರುವುದು ಹಳೆಯ ಡಿಎಸ್‌ಎಲ್‌ಆರ್. ಎಷ್ಟೋ ಸಲ ಕಿವಿ ಸ್ಪಷ್ಟವಾಗಿರುತ್ತದೆ, ಕಣ್ಣು ಮಸುಕಾಗಿರುತ್ತದೆ. ಆಟೊಫೋಕಸ್ ನಂಬಬಹುದಾದ ಕ್ಯಾಮೆರಾ ಯಾವುದು?

ಉತ್ತರ: ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಳ್ಳಿ. ಕಂಪನಿ ಯಾವುದು ಅನ್ನುವುದು ಆಮೇಲಿನ ಮಾತು.

ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಲ್ಲಿ ನೋಡಿ ತೆಗೆಯುವಾಗ ಫೋಕಸ್ ಅಳೆಯುವುದು ಒಂದು ಸೆನ್ಸರ್, ಫೋಟೊ ಮೂಡುವುದು ಇನ್ನೊಂದರ ಮೇಲೆ. ಎರಡರ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಫೋಕಸ್ ಹಿಂದೆ ಮುಂದೆ ಸರಿಯುತ್ತದೆ. ಪೋರ್ಟ್ರೇಟ್‌ನಲ್ಲಿ ಅಷ್ಟೇ ಸಾಕು ಕೆಡಲು. ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ಇಟ್ಟು, ಎಂದರೆ ಲೆನ್ಸಿನ ಕಿಂಡಿ ಅಗಲ ತೆರೆದು, ಒಂದೂವರೆ ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಸಿಗುವ ಆಳ ಸುಮಾರು 3 ಸೆಂಟಿಮೀಟರ್ ಮಾತ್ರ. ಮಿರರ್‌ಲೆಸ್‌ನಲ್ಲಿ ಫೋಟೊ ಮೂಡುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ. ಜೊತೆಗೆ ಈಚಿನ ಹೆಚ್ಚಿನವು ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತವೆ.

ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಈಗಿನ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಕೆಲವು ಫೋಟೊ ತೆಗೆಯಿರಿ. ಅವು ಚೆನ್ನಾಗಿ ಬಂದು ವ್ಯೂಫೈಂಡರಿನವು ಮಾತ್ರ ಕೆಟ್ಟರೆ ತಪ್ಪಿರುವುದು ಹೊಂದಾಣಿಕೆ. ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ (ಆಟೊಫೋಕಸ್ ಹೊಂದಾಣಿಕೆ ತಿದ್ದುವ ಸೌಲಭ್ಯ) ಇದ್ದರೆ ಖರ್ಚಿಲ್ಲದೆ ಸರಿಮಾಡಬಹುದು.

ಕೊಳ್ಳುವುದೇ ಆದರೆ ಸೆನ್ಸರಿನಲ್ಲೇ ಫೇಸ್ ಡಿಟೆಕ್ಷನ್ (phase detection, ಫೋಕಸ್ ಅಳೆಯುವ ವಿಧಾನ; ಮುಖ ಗುರುತಿಸುವ face ಅಲ್ಲ) ಇರಲಿ. ಕ್ಯಾನನ್ ಇದರ ಡ್ಯುಯಲ್ ಪಿಕ್ಸೆಲ್ ವಿಧಾನವನ್ನು 2013ರಲ್ಲೇ 70ಡಿ ಎಂಬ ಡಿಎಸ್‌ಎಲ್‌ಆರ್‌ನಲ್ಲಿ ತಂದಿತ್ತು. ಸೋನಿ ಎ6400 ಬಂದದ್ದು 2019ರಲ್ಲಿ. ಸೆಕೆಂಡ್ ಹ್ಯಾಂಡ್ ಹುಡುಕುವವರು ಅದನ್ನೂ ನೋಡಬಹುದು. ಪ್ಯಾನಸಾನಿಕ್‌ಗೆ ಫೇಸ್ ಡಿಟೆಕ್ಷನ್ ಬಂದದ್ದು 2023ರ ಎಸ್5 II ಕ್ಯಾಮೆರಾದಿಂದ. ಅದಕ್ಕಿಂತ ಹಳೆಯದನ್ನು ಓಡಾಡುವ ಮುಖಗಳಿಗೆ ನಾನು ಹೇಳುವುದಿಲ್ಲ.

ಚೌಕಿಯ ಕತೆ ಬೇರೆ. ಕ್ಯಾಮೆರಾ ಕಲಿತಿರುವುದು ಸಾಮಾನ್ಯ ಮುಖಗಳನ್ನು. ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ದಪ್ಪ ಬಣ್ಣ, ಚಿಟ್ಟಿ (ಮುಖದ ಮೇಲಿಡುವ ಹಿಟ್ಟಿನ ಉಬ್ಬು ಚುಕ್ಕೆಗಳು), ಕಣ್ಣಿನ ಸುತ್ತಲಿನ ಕಪ್ಪು, ಇವೆಲ್ಲ ಸೇರಿದಾಗ ಅದಕ್ಕೆ ಕಣ್ಣು ಸಿಗದೆ ಹೋಗಬಹುದು. ತೆಯ್ಯಂ, ಭೂತಕೋಲದಲ್ಲೂ ಹಾಗೆಯೇ. ಆಗ ಕಣ್ಣು ಗುರುತಿಸುವುದನ್ನು ಆಫ್ ಮಾಡಿ, ಒಂದೇ ಸಣ್ಣ ಫೋಕಸ್ ಪಾಯಿಂಟನ್ನು ಹತ್ತಿರದ ಕಣ್ಣಿನ ಮೇಲಿಡಿ. ಈ ಬದಲಾವಣೆ ಒಂದೇ ಬಟನ್ನಿಗೆ ಸಿಗುವ ಕ್ಯಾಮೆರಾ ನಿಮಗೆ ಹೆಚ್ಚು ಉಪಯೋಗ. ಆಗುವುದಾದರೆ ಒಂದು ರಾತ್ರಿ ಬಾಡಿಗೆಗೆ ತಂದು ಚೌಕಿಯಲ್ಲೇ ನೋಡಿ. ಅಂಗಡಿಯ ಬೆಳಕಿನಲ್ಲಿ ಎಲ್ಲಾ ಕ್ಯಾಮೆರಾನೂ ಜಾಣನೇ ಅಲ್ವಾ?

ಇನ್ನು ನಿಮ್ಮ ಹತ್ತಿರ ಇರುವ ಲೆನ್ಸ್‌ಗಳು. ಕ್ಯಾನನ್ ಇಎಫ್ ಲೆನ್ಸ್‌ಗಳು ಕಂಪನಿಯ ಅಡಾಪ್ಟರ್ ಹಾಕಿದರೆ ಅದರ ಮಿರರ್‌ಲೆಸ್ ಆರ್ ಕ್ಯಾಮೆರಾಗಳಲ್ಲಿ ಆಟೊಫೋಕಸ್ ಮಾಡುತ್ತವೆ. ನಿಕಾನಿನ ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ಒಳಗೆ ಮೋಟರ್ ಇಲ್ಲ. ನಿಕಾನ್ ಮಿರರ್‌ಲೆಸ್‌ಗೆ ಸೇರಿಸುವ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಅವನ್ನು ಕೈಯಿಂದಲೇ ತಿರುಗಿಸಬೇಕು. ಅಂಥವೇ ಇದ್ದರೆ ಕ್ಯಾಮೆರಾಕ್ಕೆ ಸ್ವಲ್ಪ ಕಡಿಮೆ ಖರ್ಚು ಮಾಡಿ, ಆ ಹೊಸ ಕ್ಯಾಮೆರಾಕ್ಕೆ ನೇರವಾಗಿ ಕೂರುವ ಹೊಸ 85 ಎಂಎಂ ಎಫ್ 1.8 ಲೆನ್ಸ್ ಕೊಳ್ಳಿ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಸಣ್ಣ ಸೆನ್ಸರಿನ) ಕ್ಯಾಮೆರಾ ಆದರೆ 50 ಎಂಎಂ ಸಾಕು.