ಶುಕ್ರವಾರದ ಪೆಟ್ಟಿಗೆಯಲ್ಲಿ ಇರುವುದು ನಾಲ್ಕೇ ಬಿಲ್ಲು

ಗುಂಪುಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಬಾಕ್ಸ್ ಪ್ಲಾಟ್ ಒಳ್ಳೆಯ ಚಿತ್ರ. ಪ್ರತಿ ಗುಂಪಿನ ನಡುವಿನ ಅರ್ಧದಷ್ಟು ಅಂಕಿಗಳನ್ನು ಅದು ಒಂದು ಪೆಟ್ಟಿಗೆಯಾಗಿ, ನಟ್ಟನಡುವಿನ ಬೆಲೆಯನ್ನು (ಮೀಡಿಯನ್) ಪೆಟ್ಟಿಗೆಯೊಳಗಿನ ಗೆರೆಯಾಗಿ ತೋರಿಸುತ್ತದೆ. ಪೈಥಾನ್‌ನ ಸೀಬಾರ್ನ್ ಲೈಬ್ರರಿಯಲ್ಲಂತೂ ಒಂದೇ ಸಾಲಿನ ಕೋಡ್ ಸಾಕು. ಅದಕ್ಕೇ ಜನ ಚಿತ್ರ ಬಂದ ಕೂಡಲೇ ರಿಪೋರ್ಟಿಗೆ ಹಾಕಿಬಿಡುತ್ತಾರೆ.

ಸೀಬಾರ್ನ್ ಕಲಿಯುವವರಿಗೆಲ್ಲ ಪರಿಚಯ ಇರುವ ಟಿಪ್ಸ್ ಡೇಟಾ ತೆಗೆದುಕೊಳ್ಳಿ. ಒಂದು ರೆಸ್ಟೋರೆಂಟಿನ 244 ಬಿಲ್ಲುಗಳು, ಗುರುವಾರದಿಂದ ಭಾನುವಾರದವರೆಗಿನವು. ಎಕ್ಸ್‌ಗೆ ದಿನ, ವೈಗೆ ಬಿಲ್ ಮೊತ್ತ, ಹ್ಯೂಗೆ (ಬಣ್ಣದಿಂದ ಗುಂಪು ಬೇರ್ಪಡಿಸುವ ಆಯ್ಕೆ) ಸಿಗರೇಟು ಸೇದುವವರು, ಸೇದದವರು ಅನ್ನುವ ಕಾಲಂ ಕೊಡಿ. ಎಂಟು ಪೆಟ್ಟಿಗೆ ಬರುತ್ತವೆ. ಅಗಲ ಎಲ್ಲಕ್ಕೂ ಒಂದೇ. ಆದರೆ ಭಾನುವಾರ ಸೇದದವರ ಪೆಟ್ಟಿಗೆಯಲ್ಲಿ 57 ಬಿಲ್ಲುಗಳಿವೆ, ಶುಕ್ರವಾರ ಸೇದದವರದ್ದರಲ್ಲಿ ನಾಲ್ಕೇ ನಾಲ್ಕು!

ಆ ನಾಲ್ಕು ಬಿಲ್ಲು ಇಷ್ಟು: 12.46, 15.98, 22.49, 22.75 ಡಾಲರ್. ಪೆಟ್ಟಿಗೆಯ ಕೆಳಗಿನ ಅಂಚು 15.10, ನಡುಗೆರೆ 19.235, ಮೇಲಿನ ಅಂಚು 22.555. ಈ ಮೂರರಲ್ಲಿ ಒಂದನ್ನೂ ಯಾರೂ ಕೊಟ್ಟಿಲ್ಲ. ಎರಡು ಬಿಲ್ಲುಗಳ ನಡುವೆ ಲೆಕ್ಕ ಹಾಕಿ ಲೈಬ್ರರಿ ಕೂರಿಸಿದ ಅಂಕಿಗಳು ಅವು. 19ರ ಆಸುಪಾಸಿನಲ್ಲಿ ಬಿಲ್ಲೇ ಇಲ್ಲ, ಆದರೂ ನಡುಗೆರೆ ಅಲ್ಲೇ ಕೂತಿದೆ.

ಪೆಟ್ಟಿಗೆಯ ಮೇಲೆ, ಕೆಳಗೆ ಚಾಚುವ ಗೆರೆಗೆ ಮೀಸೆ ಅನ್ನುತ್ತಾರೆ, ಅದರ ಬಗ್ಗೆಯೂ ಒಂದು ಮಾತು. ಅದು ಯಾವಾಗಲೂ ಕನಿಷ್ಠದಿಂದ ಗರಿಷ್ಠದವರೆಗೆ ಹೋಗುತ್ತದೆ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಪೆಟ್ಟಿಗೆಯ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಇರುವ ಕೊನೆಯ ಬಿಲ್ಲಿಗೆ ಅದು ನಿಲ್ಲುತ್ತದೆ. ಆಚೆಗಿರುವವು ಬಿಡಿ ಚುಕ್ಕೆಗಳಾಗುತ್ತವೆ. ಚುಕ್ಕೆ ಕಂಡಿತು ಅಂತ ಆ ಸಾಲನ್ನು ಸುಮ್ನೆ ಡಿಲೀಟ್ ಮಾಡಬೇಡಿ. ದೊಡ್ಡ ಗುಂಪು ಊಟಕ್ಕೆ ಬಂದರೆ ಬಿಲ್ಲು ದೊಡ್ಡದಾಗೇ ಇರುತ್ತದೆ, ಅಲ್ವಾ?

ನಾನು ಮಾಡುವುದು ಇಷ್ಟೇ. ಮೊದಲು ಗ್ರೂಪ್‌ಬೈ (ಡೇಟಾವನ್ನು ಗುಂಪುಗಳಾಗಿ ವಿಂಗಡಿಸುವ ಆದೇಶ) ಹಾಕಿ ಪ್ರತಿ ಗುಂಪಿನ ಎಣಿಕೆ ನೋಡುತ್ತೇನೆ. ಗುಂಪು ಸಣ್ಣದಿದ್ದರೆ ಪೆಟ್ಟಿಗೆ ಬಿಟ್ಟು ಬರೀ ಚುಕ್ಕೆ ಹಾಕುತ್ತೇನೆ. ಉಳಿದ ಕಡೆ ಬಾಕ್ಸ್‌ಪ್ಲಾಟ್ ಮೇಲೆ ಸ್ಟ್ರಿಪ್‌ಪ್ಲಾಟ್, ಅಂದರೆ ಪ್ರತಿ ಬಿಲ್ಲಿಗೂ ಒಂದೊಂದು ಚುಕ್ಕೆ ಹಾಕುವ ಚಿತ್ರ. ಆಗ ಸ್ಟ್ರಿಪ್‌ಪ್ಲಾಟ್‌ನಲ್ಲಿ ಗುಂಪುಗಳನ್ನು ಪಕ್ಕಪಕ್ಕ ಸರಿಸುವ ಡಾಡ್ಜ್ ಆನ್ ಮಾಡಬೇಕು, ಇಲ್ಲವಾದರೆ ಎರಡು ಗುಂಪಿನ ಚುಕ್ಕೆಗಳೂ ದಿನದ ನಡುಮಧ್ಯೆ ಒಂದರ ಮೇಲೊಂದು ಬೀಳುತ್ತವೆ. ಬಾಕ್ಸ್‌ಪ್ಲಾಟ್‌ನಲ್ಲಿ ಮೀಸೆಯಾಚೆಯ ಚುಕ್ಕೆ ತೋರಿಸುವ ಶೋಫ್ಲೈಯರ್ಸ್ ಆಫ್ ಮಾಡಿ, ಇಲ್ಲದಿದ್ದರೆ ಹೊರಗಿನ ಚುಕ್ಕೆ ಎರಡೆರಡು ಸಲ ಬರುತ್ತದೆ. ಎಕ್ಸ್ ಅಕ್ಷದಲ್ಲಿ ದಿನದ ಹೆಸರಿನ ಕೆಳಗೆ ಎರಡೂ ಗುಂಪಿನ ಎಣಿಕೆ ಬರೆದರೆ ಇನ್ನೂ ಒಳ್ಳೆಯದು. ಇದಕ್ಕೆ ತಯಾರಾದ ಆಯ್ಕೆ ಇಲ್ಲ, ಲೇಬಲ್‌ಗಳನ್ನು ಕೈಯಾರೆ ಬದಲಿಸಬೇಕು.