9 ಆರ್ಡರ್ 14 ಆದರೆ ಅದು ಬಣ್ಣದ ಮಹಿಮೆಯಾ?

ಶಿರಸಿಯಲ್ಲಿರುವ ನಮ್ಮ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರದೊಂದು ಚಿಕ್ಕ ವೆಬ್‌ಸೈಟ್ ಇದೆ. ಮೊನ್ನೆ ಫೋನ್ ಮಾಡಿ, "ತಮಾ, ಆರ್ಡರ್ ಬಟನ್ ಕೆಂಪಿತ್ತಲ್ಲ, ಹಸಿರು ಮಾಡಿಸಿದೆ. ಹೋದ ತಿಂಗಳು 9 ಆರ್ಡರ್ ಇತ್ತು, ಈ ತಿಂಗಳು 14! ಕೆಂಪು ನಮಗೆ ಆಗಿಬರೋದಿಲ್ಲ ಅಂತ ಕಾಣ್ತದೆ" ಅಂದರು.

ಈ 'ಆಗಿಬರೋದು' ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಅಂಗಡಿಯ ಬಾಗಿಲು ಬೇರೆ ದಿಕ್ಕಿಗೆ ಇಡಿಸಿದ್ದಕ್ಕೇ ವ್ಯಾಪಾರ ಚೇತರಿಸಿತು ಅಂತ ನಂಬುವುದೂ ಹೀಗೇ ಶುರುವಾಗುತ್ತದೆ. ಏನೂ ಬದಲಿಸದಿದ್ದರೂ 9 ಇದ್ದದ್ದು 14 ಆಗಬಹುದು!

ಚೌಕಾಬಾರ ಆಡಿದವರಿಗೆ ಇದು ಗೊತ್ತು. ಅದೇ ಕವಡೆ, ಅದೇ ಕೈ. ಒಮ್ಮೆ ಬಾರಾ ಬೀಳುತ್ತದೆ, ಮರುಸಲ ಬರೀ ಎರಡು. ಅಥವಾ ಮಳೆ ನೋಡಿ. ಅಂಗಳದಲ್ಲಿ ಒಂದೇ ಅಳತೆಯ ಎರಡು ಬಟ್ಟಲು ಇಡಿ. ಹನಿ ಶುರುವಾದ ಕ್ಷಣಕ್ಕೆ ಒಂದರಲ್ಲಿ 9 ಹನಿ, ಇನ್ನೊಂದರಲ್ಲಿ 14 ಇರಬಹುದು. ರಾತ್ರಿಯಿಡೀ ಸುರಿದ ಮೇಲೆ ನೋಡಿದರೆ ಎರಡರಲ್ಲೂ ನೀರು ಹೆಚ್ಚುಕಡಿಮೆ ಸಮ. ಸಂಖ್ಯೆ ಚಿಕ್ಕದಿದ್ದಾಗ ಓಲಾಟ ಜಾಸ್ತಿ, ಇಷ್ಟೇ ಗುಟ್ಟು.

ಎಷ್ಟು ಓಲಾಟ ಸಹಜ ಅಂತ ತಿಳಿಯಲು ಒಂದು ಸುಲಭ ಲೆಕ್ಕವಿದೆ, ನನಗೆ ತುಂಬಾ ಇಷ್ಟ. ಎರಡು ತಿಂಗಳ ಆರ್ಡರ್‌ಗಳನ್ನು ಕೂಡಿಸಿ, ಮೊತ್ತವನ್ನು 4ರಿಂದ ಗುಣಿಸಿ. ಆಮೇಲೆ ಎರಡರ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. ಈ ಎರಡನೆಯದು ದೊಡ್ಡದಾದರೆ, ಅಂಥ ಅಂತರ ಸುಮ್ನೆ ಬೀಳುವ ಸಂಭವ 20ರಲ್ಲಿ ಒಂದಕ್ಕಿಂತ ಕಡಿಮೆ. ಚಿಕ್ಕಮ್ಮನ ಮೊತ್ತ 23, ನಾಲ್ಕು ಪಟ್ಟು 92. ವ್ಯತ್ಯಾಸ 5, ಐದೈದಲ ಇಪ್ಪತ್ತೈದು. 92 ಎಲ್ಲಿ, 25 ಎಲ್ಲಿ! ಅದೇ 90 ಇದ್ದದ್ದು 140 ಆಗಿದ್ದರೆ? 920ರ ಎದುರು 2500. ಪ್ರಮಾಣ ಅದೇ, ಆದರೆ ಈಗ ನಂಬಬಹುದು.

ನಂಬಿದರೂ, ಅದು ಬಣ್ಣದಿಂದಲೇ ಆಯಿತು ಅನ್ನಲು ಆಗುವುದಿಲ್ಲ. ಹಬ್ಬ ಬಂದಿರಬಹುದು, ಯಾರೋ ವಾಟ್ಸಾಪ್‌ನಲ್ಲಿ ಹಂಚಿರಬಹುದು. ಈ ತೊಡಕನ್ನು ಬಿಡಿಸಿದ್ದು ಗೋಧಿ ಗದ್ದೆ! ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೊಬ್ಬರದ ಪ್ರಯೋಗ ನಡೆಯುತ್ತಿತ್ತು. 1919ರಲ್ಲಿ ಅಲ್ಲಿಗೆ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಬಂದರು. ಗದ್ದೆಯ ಒಂದು ಮೂಲೆ ಫಲವತ್ತು, ಇನ್ನೊಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಹಾಗಿದ್ದಾಗ ಯಾವ ತುಂಡಿಗೆ ಯಾವ ಗೊಬ್ಬರ ಅನ್ನುವುದನ್ನು ಚೀಟಿ ಎತ್ತಿ ಗೊತ್ತುಮಾಡಿ ಅನ್ನುವುದು ಅವರ ವಾದ. ಹಾಲು ಮೊದಲು ಹಾಕಿದರೋ ಟೀ ಮೊದಲು ಹಾಕಿದರೋ ಅಂತ ರುಚಿಯಲ್ಲೇ ಹೇಳಬಲ್ಲೆ ಅನ್ನುವ ಹೆಂಗಸಿನ ಉದಾಹರಣೆ ಅವರ 1935ರ ಪುಸ್ತಕದಲ್ಲಿದೆ. 8 ಕಪ್, ನಾಲ್ಕು ಹೀಗೆ, ನಾಲ್ಕು ಹಾಗೆ, ಕೊಡುವ ಕ್ರಮ ಇಲ್ಲೂ ಚೀಟಿ ಎತ್ತಿದ ಹಾಗೆ. ಬರೀ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ 1. ಇವತ್ತು ದೊಡ್ಡ ಕಂಪನಿಗಳು ಮಾಡುವ ಎ/ಬಿ ಟೆಸ್ಟ್‌ನ ಬೇರು ಇಲ್ಲೇ ಇದೆ. ಅದೇ ದಿನ, ಅದೇ ಹೊತ್ತು, ಬಂದವರಲ್ಲಿ ಅರ್ಧ ಜನಕ್ಕೆ ಕೆಂಪು, ಅರ್ಧ ಜನಕ್ಕೆ ಹಸಿರು, ಯಾರಿಗೆ ಯಾವುದು ಅನ್ನುವುದು ಚೀಟಿಯ ಲೆಕ್ಕ.

ಚಿಕ್ಕಮ್ಮನಿಗೆ ಇದು ಆಗುವ ಕೆಲಸವಲ್ಲ. 9ಕ್ಕೆ 14ರಷ್ಟು ದೊಡ್ಡ ವ್ಯತ್ಯಾಸ ಕೊನೆಯವರೆಗೂ ಉಳಿದರೂ, ನಂಬಲು ಒಟ್ಟು 85 ಆರ್ಡರ್ ಆದರೂ ಬೇಕು. ಅಂದರೆ ಏಳೆಂಟು ತಿಂಗಳು. 'ಎಷ್ಟು ಜನ ಬಂದು ನೋಡಿದರು' ಅನ್ನುವ ಅಂಕಿಯನ್ನು ನೆಚ್ಚಿಕೊಳ್ಳುವುದಂತೂ ಬೇಡ. ಅದರಲ್ಲಿ ಬಾಟ್‌ಗಳೂ, ಅಂದರೆ ತಾವಾಗಿಯೇ ಸೈಟ್ ತೆರೆದು ನೋಡುವ ಪ್ರೋಗ್ರಾಂಗಳೂ, ಸೇರಿರಬಹುದು, ಅವು ಉಪ್ಪಿನಕಾಯಿ ತಿನ್ನುವುದಿಲ್ಲ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅನ್ನುತ್ತಾರಲ್ಲ, ಮಾರಾಟ ಹೆಚ್ಚಿತಾ ಅಂತ ನೋಡಲು ಆ ಮಾತು ನಡೆಯುವುದಿಲ್ಲ. ಆದರೆ ಸೈಟ್ ಎಲ್ಲಿ ಕೆಟ್ಟಿದೆ ಅಂತ ಹುಡುಕಲು ಚೆನ್ನಾಗಿ ನಡೆಯುತ್ತದೆ. ಮೂವರಲ್ಲಿ ಒಬ್ಬರಿಗೆ ಎಡವಿಸುವ ಒಂದು ತೊಂದರೆ ಇದೆ ಅನ್ನಿ. ಐವರು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಿದರೆ, ಅದು ಒಬ್ಬರಲ್ಲೂ ಕಾಣದೇ ಹೋಗುವ ಸಂಭವ ಮೂರರಲ್ಲಿ ಎರಡು ಅನ್ನುವುದನ್ನು ಐದು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 13. ಉಳಿದ 87 ಪಾಲು ಸಿಕ್ಕಿಬೀಳುತ್ತದೆ. ಅದೂ ಒಂದು ಮಧ್ಯಾಹ್ನದಲ್ಲಿ, ಒಂದು ಪೈಸೆ ಖರ್ಚಿಲ್ಲದೆ!

"ಐದು ಜನರ ಕೈಗೆ ಫೋನ್ ಕೊಟ್ಟು ಒಂದು ಬಾಟಲಿ ಆರ್ಡರ್ ಮಾಡಿ ಅನ್ನಿ. ಆಮೇಲೆ ನೀವು ಬಾಯಿ ಬಿಡಬೇಡಿ, ಸುಮ್ನೆ ನೋಡಿ" ಅಂದೆ. ಎರಡನೆಯವರು ಪಕ್ಕದ ಮನೆಯವರು. ವಿಳಾಸ ಬರೆಯಲು ಹೋದರು, ಕೀಬೋರ್ಡ್ ಮೇಲೆದ್ದು ಬಂತು, ಕೆಳಗಿದ್ದ ಬಟನ್ ಅದರ ಹಿಂದೆ ಮರೆಯಾಯಿತು. ಬರೆದು ಮುಗಿಸಿ, "ಮುಂದೆ ಎಲ್ಲಿ ಒತ್ತಬೇಕು?" ಅಂತ ಕೇಳಿದರು. ಐವರಲ್ಲಿ ಮೂವರು ಅಲ್ಲೇ ನಿಂತರು. ಈಗ ಕೀಬೋರ್ಡ್ ಬಂದರೂ ಬಟನ್ ಮರೆಯಾಗದ ಹಾಗೆ ಮಾಡಿಸಿದ್ದಾರೆ. ಬಣ್ಣ ಹಸಿರೇ ಇದೆ.